ಇಮೇಲ್ ಫಿಲ್ಟರ್: ಗಡಿ ತಾಲ್ಲೂಕುಗಳ ಸ್ವಂತ ಸರ್ವರ್‌ನಲ್ಲಿ

ಸರ್ವರ್ ಬಾಗಿಲಿಗೆ ಬಂದ ಮೇಲನ್ನು ಒಳಗೆ ಬಿಡಬೇಕೇ, ಅಲ್ಲಿಂದಲೇ ವಾಪಸ್ ಕಳಿಸಬೇಕೇ, ಬಿಟ್ಟರೆ ಯಾವ ಫೋಲ್ಡರಿಗೆ ಹಾಕಬೇಕು ಎಂದು ತೀರ್ಮಾನಿಸುವ ನಿಯಮಗಳ ಕಟ್ಟಿಗೆ ಇಮೇಲ್ ಫಿಲ್ಟರ್ ಎನ್ನುತ್ತಾರೆ. ದೊಡ್ಡ ಕಂಪನಿಗಳ ಮೇಲ್ ಸೇವೆ ಬಳಸುವವರಿಗೆ ಈ ನಿಯಮಗಳಲ್ಲಿ ಬಹುಪಾಲು ಕಣ್ಣಿಗೇ ಬೀಳುವುದಿಲ್ಲ. ತಮ್ಮದೇ ಡೊಮೇನ್, ತಮ್ಮದೇ ಸರ್ವರ್ ಇಟ್ಟುಕೊಂಡವರು ಅವನ್ನು ಸಾಲು ಸಾಲಾಗಿ ಬರೆಯಬೇಕು, ಕೆಟ್ಟಾಗ ತಾವೇ ಹುಡುಕಿ ಸರಿಮಾಡಬೇಕು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಈ ಕೆಲಸಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಸಕ್ಕರೆ ಕಾರ್ಖಾನೆ, ಸೌಹಾರ್ದ ಸಹಕಾರಿ, ನಿಪ್ಪಾಣಿಯ ತಂಬಾಕು ವ್ಯಾಪಾರ, ಅಥಣಿಯ ಚಪ್ಪಲಿ ಕಸುಬು, ಕಾಗವಾಡದ ಕಡೆಯ ದ್ರಾಕ್ಷಿ ವಹಿವಾಟು, ಇವೆಲ್ಲ ಬೆಂಗಳೂರಿನ ಜೊತೆ ಎಷ್ಟು ಪತ್ರ ನಡೆಸುತ್ತವೋ ಗಡಿಯಾಚೆಯ ಕೊಲ್ಹಾಪುರ, ಸಾಂಗಲಿ, ಮೀರಜ್, ಇಚಲಕರಂಜಿಗಳ ಜೊತೆಗೂ ಅಷ್ಟೇ ನಡೆಸುತ್ತವೆ. ಸರ್ಕಾರದ ಸುತ್ತೋಲೆ ಕನ್ನಡದಲ್ಲಿ, ವ್ಯಾಪಾರಿಯ ದರಪಟ್ಟಿ ಮರಾಠಿಯಲ್ಲಿ, ಬ್ಯಾಂಕಿನ ಪತ್ರ ಇಂಗ್ಲಿಷಿನಲ್ಲಿ, ಹುಡುಗರ ಅರ್ಜಿ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬಂದು ಒಂದೇ ಇನ್‌ಬಾಕ್ಸಿಗೆ ಬೀಳುತ್ತದೆ. ಇಂಥ ಕಡೆ ಪತ್ರದ ಮಾತನ್ನು ನೋಡಿ ತಡೆಯುವ ಫಿಲ್ಟರ್ ಕೈಕೊಡುತ್ತದೆ. ಕಳಿಸಿದವರು ನಿಜಕ್ಕೂ ಯಾರು ಎಂದು ಮೊದಲು ನೋಡಿ, ಮಾತಿನ ಪರೀಕ್ಷೆಯನ್ನು ಕೊನೆಗೆ ಇಡುವ ಫಿಲ್ಟರ್ ಬಾಳಿಕೆ ಬರುತ್ತದೆ ಎಂಬುದು ಈ ಲೇಖನದ ವಾದ.

ಲಿನಕ್ಸ್ ಸರ್ವರ್ ಒಂದರಲ್ಲಿ ಮೇಲ್ ಸಾಮಾನ್ಯವಾಗಿ ಮೂರು ಕೈ ದಾಟುತ್ತದೆ. ಹೊರಗಿನಿಂದ ಬಂದದ್ದನ್ನು ಮೊದಲು ಮಾತಾಡಿಸುವುದು ಪೋಸ್ಟ್‌ಫಿಕ್ಸ್. ವೀಟ್ಸೆ ವೆನೆಮಾ ಬರೆದ ಈ ತಂತ್ರಾಂಶ 1998ರಿಂದ ಬಳಕೆಯಲ್ಲಿದೆ. ಅದು ಪತ್ರವನ್ನು ಆರ್‌ಸ್ಪ್ಯಾಮ್‌ಡಿಗೋ ಸ್ಪ್ಯಾಮ್‌ಅಸಾಸಿನ್‌ಗೋ ತೋರಿಸಿ, ಎಷ್ಟು ಅನುಮಾನಕ್ಕೆ ಎಡೆಯಿದೆ ಎಂದು ಅಂಕ ಹಾಕಿಸಿಕೊಳ್ಳುತ್ತದೆ. ಕೊನೆಗೆ ಡವ್‌ಕಾಟ್ ಅದನ್ನು ಬಳಕೆದಾರರ ಪೆಟ್ಟಿಗೆಗೆ ಇಳಿಸುತ್ತದೆ. ಇಳಿಸುವಾಗ ಸೀವ್ ಎಂಬ ಪುಟ್ಟ ಭಾಷೆಯಲ್ಲಿ ಬರೆದ ನಿಯಮಗಳನ್ನು ಓಡಿಸುತ್ತದೆ. ಸೀವ್ ಭಾಷೆ 2001ರಲ್ಲಿ ಆರ್‌ಎಫ್‌ಸಿ 3028 ಆಗಿ ಪ್ರಕಟವಾಯಿತು, 2008ರಲ್ಲಿ ಆರ್‌ಎಫ್‌ಸಿ 5228 ಅದರ ಜಾಗಕ್ಕೆ ಬಂತು. ಅದರಲ್ಲಿ ಬೇಕೆಂದೇ ಲೂಪ್ ಇಲ್ಲ, ಹೊರಗಿನ ಪ್ರೋಗ್ರಾಂ ಓಡಿಸುವ ದಾರಿಯೂ ಇಲ್ಲ, ಹಾಗಾಗಿ ಗುಮಾಸ್ತರೊಬ್ಬರು ನಿಯಮ ತಪ್ಪಾಗಿ ಬರೆದರೂ ಸರ್ವರ್ ಕುಸಿಯುವುದಿಲ್ಲ. ನಿಯಮ ನಡುವೆ ಮುಗ್ಗರಿಸಿದರೆ ಪತ್ರ ಸುಮ್ಮನೆ ಇನ್‌ಬಾಕ್ಸಿನಲ್ಲಿ ಉಳಿಯುತ್ತದೆ. ಈ ಮೂರು ಕೈಗಳಲ್ಲಿ ಯಾವುದಕ್ಕೆ ಏನು ಕಾಣುತ್ತದೆ ಎಂಬುದನ್ನು ತಿಳಿಯದೆ ನಿಯಮ ಬರೆಯುವುದರಿಂದಲೇ ಅರ್ಧದಷ್ಟು ತೊಂದರೆಗಳು ಹುಟ್ಟುತ್ತವೆ.

ವಿಷಯದ ಸಾಲನ್ನೇ ತೆಗೆದುಕೊಳ್ಳಿ. ಪೋಸ್ಟ್‌ಫಿಕ್ಸ್‌ನಲ್ಲಿ ಹೆಡರ್ ಚೆಕ್ಸ್ ಎಂಬ ಸೌಲಭ್ಯವಿದೆ: ತಲೆಬರಹದಲ್ಲಿ ಇಂಥ ಪದ ಕಂಡರೆ ತಿರಸ್ಕರಿಸು ಎಂದು ಒಂದೇ ಸಾಲಿನಲ್ಲಿ ಬರೆಯಬಹುದು. ಇಂಗ್ಲಿಷ್ ಪದಕ್ಕೆ ಅದು ಕೆಲಸ ಮಾಡುತ್ತದೆ. ಕನ್ನಡ ಪದಕ್ಕೆ ಮಾಡುವುದಿಲ್ಲ, ಏಕೆಂದರೆ ಕನ್ನಡದ ವಿಷಯದ ಸಾಲು ಸಾಮಾನ್ಯವಾಗಿ ಕನ್ನಡವಾಗಿ ಪ್ರಯಾಣ ಮಾಡುವುದೇ ಇಲ್ಲ. ಆರ್‌ಎಫ್‌ಸಿ 2047ರ ಪ್ರಕಾರ ಅದನ್ನು ಬೇಸ್64 ಎಂಬ ರೂಪಕ್ಕೆ ಇಳಿಸಿ, ಒಂದೊಂದು ತುಂಡೂ 75 ಅಕ್ಷರ ಮೀರದಂತೆ ಕತ್ತರಿಸಿ ಕಳಿಸುತ್ತಾರೆ. ಕನ್ನಡದ ಒಂದು ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ತುಂಡಿನ ಆಚೀಚೆಯ ಗುರುತುಗಳನ್ನು ಕಳೆದರೆ ಒಳಗೆ ಹಿಡಿಯುವುದು 45 ಬೈಟ್, ಅಂದರೆ 15 ಸಂಕೇತ. ‘ಕಬ್ಬಿನ ಬಿಲ್ ಪಾವತಿ’ ಎಂಬ ಪುಟ್ಟ ಸಾಲು ಖಾಲಿ ಜಾಗಗಳೂ ಸೇರಿ 47 ಬೈಟ್ ಆಗುತ್ತದೆ. ಅದು ಒಂದು ತುಂಡಿನಲ್ಲಿ ಹಿಡಿಸದೆ ಎರಡಾಗುತ್ತದೆ. ಬೇಸ್64 ಮೂರು ಬೈಟುಗಳನ್ನು ನಾಲ್ಕು ಅಕ್ಷರವಾಗಿ ಮಾಡುವುದರಿಂದ, ಸಾಲಿನ ಶುರುವಿನಲ್ಲಿ ಕನ್ನಡದ ಪ್ರತಿ ಸಂಕೇತವೂ ‘4, ಎಲ್, ಕೆ’ ಅಥವಾ ‘4, ಎಲ್, ಓ’ ಎಂದು ಆರಂಭವಾಗುತ್ತದೆ, ದೇವನಾಗರಿಯದು ‘4, ಕೆ, ಎಸ್’ ಅಥವಾ ‘4, ಕೆ, ಡಬ್ಲ್ಯೂ’ ಎಂದು. ಆದರೆ ಒಂದು ಖಾಲಿ ಜಾಗ ಬಂದರೆ ಲೆಕ್ಕ ಒಂದು ಬೈಟ್ ಪಕ್ಕಕ್ಕೆ ಸರಿಯುತ್ತದೆ. ಹೀಗಾಗಿ ‘ಟೆಂಡರ್’ ಎಂಬ ಒಂದೇ ಪದ ಸಾಲಿನಲ್ಲಿ ಎಲ್ಲಿ ಬಂತು ಎಂಬುದಕ್ಕೆ ತಕ್ಕಂತೆ ಮೂರು ಬೇರೆ ಬೇರೆ ರೂಪದಲ್ಲಿ ಕಾಣುತ್ತದೆ. ಈ ಬಿಡಿಸುವ ಕೆಲಸ ಹೆಡರ್ ಚೆಕ್ಸ್‌ನದಲ್ಲ. ಹಳೆಯ ಪ್ರಾಕ್‌ಮೇಲ್‌ನದೂ ಅಲ್ಲ. ಸೀವ್ ಮಾತ್ರ ಹೆಡರ್ ಪರೀಕ್ಷೆಗೆ ಮುಂಚೆ ಬಿಡಿಸಿ ಯುಟಿಎಫ್-8 ಮಾಡಿಕೊಳ್ಳುತ್ತದೆ. ಕನ್ನಡ, ಮರಾಠಿ ಪದದ ನಿಯಮವಿದ್ದರೆ ಅದರ ಜಾಗ ಸೀವ್, ಪೋಸ್ಟ್‌ಫಿಕ್ಸ್ ಅಲ್ಲ.

ಸೀವ್‌ನಲ್ಲಿ ಬರೆದ ಮಾತ್ರಕ್ಕೆ ಸಮಸ್ಯೆ ಮುಗಿಯಿತೆನ್ನಲಾಗದು. ಅದು ಹೋಲಿಸುವುದು ಬೈಟುಗಳನ್ನು. ಇಂಗ್ಲಿಷಿನ ದೊಡ್ಡ ಅಕ್ಷರ ಸಣ್ಣ ಅಕ್ಷರಗಳನ್ನು ಒಂದೆಂದು ಎಣಿಸುತ್ತದೆ, ಅದರಾಚೆಗೆ ಯಾವ ರಿಯಾಯಿತಿಯೂ ಇಲ್ಲ. ಚಿಕ್ಕೋಡಿ ಎಂಬ ಹೆಸರಿನ ಓಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎಕಾರ, ಊಕಾರ, ದೀರ್ಘ ಎಂಬ ಮೂರು ಚಿಹ್ನೆಗಳ ಸಾಲಾಗಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮವೆಂದು ಒಪ್ಪುತ್ತದೆ, ಪರದೆಯ ಮೇಲೂ ಎರಡೂ ಒಂದೇ. ಸೀವ್‌ಗೆ ಅವು ಎರಡು ಊರು. ಅರ್ಧಾಕ್ಷರದ ನಂತರ ಒತ್ತಕ್ಷರ ಆಗದಂತೆ ತಡೆಯಲು ಕನ್ನಡದಲ್ಲಿ ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆಯೊಂದನ್ನು ಇಡುತ್ತೇವೆ. ‘ಸರ್ವರ್‌ನಲ್ಲಿ’ ಎಂದು ಸರಿಯಾಗಿ ಬರೆಯಲು ಅದು ಬೇಕೇ ಬೇಕು. ಸ್ಪ್ಯಾಮ್ ಕಳಿಸುವವರು ಇಂಗ್ಲಿಷ್ ಪದಗಳನ್ನು ಒಡೆದು ಫಿಲ್ಟರಿನ ಕಣ್ಣು ತಪ್ಪಿಸಲು ಬಳಸುವುದೂ ಇದೇ ಜಾತಿಯ ಚಿಹ್ನೆಗಳನ್ನು. ಕಾಣದ ಚಿಹ್ನೆ ಕಂಡರೆ ಅಂಕ ಹೆಚ್ಚಿಸು ಎಂದು ಯಾರಾದರೂ ಇಂಗ್ಲಿಷ್ ಕೈಪಿಡಿ ನೋಡಿ ನಿಯಮ ಹಾಕಿದರೆ ಶುದ್ಧವಾಗಿ ಬರೆದ ಕನ್ನಡಕ್ಕೇ ದಂಡ ಬೀಳುತ್ತದೆ. ಇನ್ನು ಇಂಗ್ಲಿಷ್ ಅಕ್ಷರದ ಸಂಕ್ಷೇಪಕ್ಕೆ ಕನ್ನಡದ ವಿಭಕ್ತಿ ಅಂಟಿಸಿ ಒಂದೇ ಪದ ಮಾಡುವುದು ನಮ್ಮ ಕಚೇರಿಗಳ ನಿತ್ಯದ ರೂಢಿ. ಆರ್‌ಸ್ಪ್ಯಾಮ್‌ಡಿಯ ಚಾರ್ಟೇಬಲ್ ಎಂಬ ಮಾಡ್ಯೂಲ್ ಇರುವುದೇ ಒಂದು ಪದದಲ್ಲಿ ಎರಡು ಲಿಪಿ ಬೆರೆತಿದೆಯೇ ಎಂದು ಶಂಕಿಸಲು. ಇಷ್ಟರ ಮೇಲೆ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಪಠ್ಯ ಇನ್ನೂ ಕಚೇರಿಗಳಲ್ಲಿ ಓಡಾಡುತ್ತದೆ. ಅದನ್ನು ಹಾಗೇ ಮೇಲಿನಲ್ಲಿ ಅಂಟಿಸಿದರೆ ‘ಕನ್ನಡ’ ಎಂಬ ಪದ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯುಳ್ಳ ಎ, ಪೌಂಡ್ ಹಣದ ಚಿಹ್ನೆ ಎಂದು ಸಾಗುತ್ತದೆ. ಇದನ್ನು ಕಂಡ ಯಂತ್ರ ಕಳ್ಳಮಾಲು ಎಂದುಕೊಂಡರೆ ಅದರ ತಪ್ಪೇನಿಲ್ಲ.

ಅಂಕ ಹಾಕುವ ತಂತ್ರಾಂಶಗಳೂ ಈ ಭಾಷೆಗಳನ್ನು ಸಮನಾಗಿ ಕಾಣುವುದಿಲ್ಲ. ಸ್ಪ್ಯಾಮ್‌ಅಸಾಸಿನ್‌ನ ಟೆಕ್ಸ್ಟ್‌ಕ್ಯಾಟ್ ಎಂಬ ಭಾಗ ಪತ್ರದ ಭಾಷೆ ಊಹಿಸಿ, ಬೇಡದ ಭಾಷೆಯೆನಿಸಿದರೆ ಅಂಕ ಸೇರಿಸುತ್ತದೆ. 3.4 ಸರಣಿಯ ಕೈಪಿಡಿಯ ಭಾಷಾಪಟ್ಟಿಯಲ್ಲಿ ಹಿಂದಿ, ಮರಾಠಿ, ತಮಿಳು, ನೇಪಾಳಿ, ಸಂಸ್ಕೃತಗಳಿವೆ, ಕನ್ನಡ ಇಲ್ಲ. ನಿಪ್ಪಾಣಿಯ ಕಚೇರಿ ಇಂಗ್ಲಿಷ್, ಮರಾಠಿ ಬೇಕು ಎಂದು ಬರೆಯಬಹುದು, ಕನ್ನಡವನ್ನು ಬರೆಯಲು ಜಾಗವೇ ಇಲ್ಲ. ಇದ್ದದ್ದರಲ್ಲಿ ಆ ಭಾಗವನ್ನು ಆರಿಸಿಬಿಡುವುದೇ ಮೇಲು. ಬಳಕೆದಾರರ ಪತ್ರಗಳಿಂದಲೇ ಕಲಿಯುವ ಬೇಯ್ಸ್ ವಿಧಾನ ಇದಕ್ಕಿಂತ ನ್ಯಾಯವಾಗಿ ಕಾಣುತ್ತದೆ. ಪಾಲ್ ಗ್ರಹಾಂ 2002ರ ಪ್ರಬಂಧದಲ್ಲಿ ಅದನ್ನು ಜನಪ್ರಿಯಗೊಳಿಸಿದರು: ಒಳ್ಳೆಯ ಪತ್ರದಲ್ಲಿ ಯಾವ ಪದ ಎಷ್ಟು ಸಲ, ಕೆಟ್ಟದ್ದರಲ್ಲಿ ಎಷ್ಟು ಸಲ ಎಂದು ಲೆಕ್ಕ ಇಟ್ಟು ಹೊಸ ಪತ್ರವನ್ನು ತೂಗುವುದು. ಆದರೆ ಸ್ಪ್ಯಾಮ್‌ಅಸಾಸಿನ್‌ನ 3.4 ಸರಣಿ 15 ಬೈಟಿಗಿಂತ ಉದ್ದದ ಪದವನ್ನು ಇಡಿಯಾಗಿ ಇಟ್ಟುಕೊಳ್ಳುವುದಿಲ್ಲ. ಇಂಗ್ಲಿಷಿಗೆ 15 ಬೈಟ್ ಧಾರಾಳ. ಕನ್ನಡಕ್ಕೆ ಅದು ಐದೇ ಸಂಕೇತ. ‘ಕಬ್ಬು’ ಸರಿಯಾಗಿ 15 ಬೈಟ್ ಆಗಿ ಉಳಿದುಕೊಳ್ಳುತ್ತದೆ, ‘ಕಬ್ಬಿನ’ 18 ಆಗಿ ಒಡೆಯುತ್ತದೆ. ವಿಭಕ್ತಿಯೇ ಜೀವಾಳವಾದ ಭಾಷೆಗೆ ಇದು ಸಣ್ಣ ನಷ್ಟವಲ್ಲ. ಆರ್‌ಸ್ಪ್ಯಾಮ್‌ಡಿ ಯೂನಿಕೋಡ್ ತಿಳಿದು ಪದ ಬಿಡಿಸುತ್ತದೆ, ಹಾಗಾಗಿ ಈ ಭಾಗಕ್ಕೆ ಎರಡರಲ್ಲಿ ಒಂದನ್ನು ಆರಿಸುವುದಾದರೆ ಅದೇ ಸರಿ. ಆದರೂ ಒಂದು ತೊಡಕು ಎರಡಕ್ಕೂ ಸಮಾನ. ಒಳ್ಳೆಯದು 200, ಕೆಟ್ಟದ್ದು 200 ಪತ್ರ ಕಲಿಯುವವರೆಗೆ ಈ ಲೆಕ್ಕ ಬಾಯಿಬಿಡುವುದಿಲ್ಲ. ಒಳ್ಳೆಯ ಕನ್ನಡ ಪತ್ರಗಳು ಬೇಗ ಕೂಡುತ್ತವೆ. ಕೆಟ್ಟ ಪತ್ರಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ಹೀಗೆ ಕಲಿತ ಯಂತ್ರ ಕನ್ನಡ ಲಿಪಿ ಕಂಡರೆ ಸಾಕು ಒಳ್ಳೆಯದು ಎಂದು ಒಲಿಯುತ್ತದೆ, ಕನ್ನಡದಲ್ಲೇ ಬರೆದ ಮೋಸದ ಪತ್ರ ಬಂದ ದಿನ ಅದನ್ನು ಕರೆದು ಕೂರಿಸುತ್ತದೆ.

ಗುರುತಿನ ಪರೀಕ್ಷೆಗೆ ಲಿಪಿಯ ಹಂಗಿಲ್ಲ. ಈ ಡೊಮೇನಿನ ಮೇಲ್ ಇಂಥ ಸರ್ವರ್‌ಗಳಿಂದ ಮಾತ್ರ ಹೊರಡುತ್ತದೆ ಎಂದು ಎಸ್‌ಪಿಎಫ್ ಹೇಳುತ್ತದೆ, ದಾರಿಯಲ್ಲಿ ಯಾರೂ ತಿದ್ದಿಲ್ಲ ಎಂದು ಡಿಕಿಮ್ ಸಹಿ ಸಾರುತ್ತದೆ, ಓದುಗರಿಗೆ ಕಾಣುವ ಹೆಸರಿನ ಡೊಮೇನಿಗೂ ಈ ಎರಡರಲ್ಲಿ ಒಂದಕ್ಕಾದರೂ ತಾಳೆಯಿದೆಯೇ, ಇಲ್ಲದಿದ್ದರೆ ಏನು ಮಾಡಬೇಕು ಎಂಬುದು ಡಿಮಾರ್ಕ್‌ನ ಕೆಲಸ. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಈ ಮೂರೂ ಇರಲೇಬೇಕೆಂದು ಗೂಗಲ್ 2024ರ ಫೆಬ್ರುವರಿಯಿಂದ ಕಡ್ಡಾಯ ಮಾಡಿದ ಮೇಲೆ ದೊಡ್ಡ ಕಳುಹಿಸುಗರ ವಿಷಯದಲ್ಲಿ ಈ ಪರೀಕ್ಷೆ ನಂಬುವಂತಾಗಿದೆ. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಇನ್ನೊಂದು ಅನುಕೂಲ ಮಾಡಿಕೊಟ್ಟಿತು: ಬ್ಯಾಂಕುಗಳೆಲ್ಲ ಆ ವರ್ಷದ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ಡೊಮೇನಿಗೆ ಸರಿಯಬೇಕೆಂದು ಹೇಳಿತು. ಹೆಸರಿನಲ್ಲಿ ಬ್ಯಾಂಕ್ ಎಂದಿದ್ದು, ಡೊಮೇನ್ ಹಾಗೆ ಮುಗಿಯದಿದ್ದರೆ ಅನುಮಾನದ ಫೋಲ್ಡರಿಗೆ ಹಾಕು ಎಂಬ ಒಂದು ನಿಯಮ ನೂರು ಪದಗಳ ಪಟ್ಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಈ ತಾಲ್ಲೂಕುಗಳಲ್ಲಿ ಅದಕ್ಕೊಂದು ತಿದ್ದುಪಡಿ ಬೇಕು. 1997ರ ಸೌಹಾರ್ದ ಕಾಯ್ದೆಯಡಿಯ ಪತ್ತಿನ ಸಹಕಾರಿಗಳು ಬ್ಯಾಂಕುಗಳಲ್ಲ, ಅವಕ್ಕೆ ಆ ಡೊಮೇನ್ ಸಿಗುವುದಿಲ್ಲ, ಜನ ಮಾತ್ರ ಅವನ್ನೂ ಬ್ಯಾಂಕೆಂದೇ ಕರೆಯುತ್ತಾರೆ. ವ್ಯವಹಾರವಿರುವ ಸಹಕಾರಿಗಳ ಡೊಮೇನುಗಳನ್ನು ಕೈಯಾರೆ ಪಟ್ಟಿಗೆ ಸೇರಿಸಿ, ಡಿಕಿಮ್ ಸಹಿ ಸರಿಯಿದ್ದರೆ ಮಾತ್ರ ಬಿಡು ಎಂದು ಬರೆಯಬೇಕು. ಬರೀ ಕಾಣುವ ವಿಳಾಸ ನೋಡಿ ಬಿಡುವ ಪಟ್ಟಿ ಕಳ್ಳರಿಗೆ ಕೊಟ್ಟ ಕೀಲಿಕೈ.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ಗಟ್ಟಿಯಾದದ್ದು. ಸ್ಪ್ಯಾಮ್ ಕಳಿಸುವವರೂ ಡೊಮೇನ್ ಕೊಂಡು ಡಿಕಿಮ್ ಸಹಿ ಹಾಕುತ್ತಾರೆ. ಇತ್ತ ಊರಿನ ರೈತ, ಗುತ್ತಿಗೆದಾರ, ಚಪ್ಪಲಿ ಮಾಡುವವರು ಬರೆಯುವುದು ಜಿಮೇಲ್‌ನಿಂದ. ಅಲ್ಲಿನ ಸಹಿ ಇದು ಜಿಮೇಲ್‌ನಿಂದ ಬಂತು ಎಂಬುದನ್ನಷ್ಟೇ ಸಾಬೀತು ಮಾಡುತ್ತದೆ, ಮನುಷ್ಯ ಯಾರೆಂಬುದನ್ನಲ್ಲ. ನಿಜ. ಗುರುತು ಎಂದರೆ ಸಹಿಯ ಜೊತೆಗೆ ಹಿಂದಿನ ಒಡನಾಟವೂ ಸೇರಬೇಕು. ನಮ್ಮ ಕಚೇರಿ ಮೊದಲು ಯಾರಿಗೆ ಬರೆದಿತ್ತೋ ಅವರ ಉತ್ತರವನ್ನು ಗುರುತಿಸಿ ಅಂಕ ತಗ್ಗಿಸುವ ರಿಪ್ಲೈಸ್ ಎಂಬ ಮಾಡ್ಯೂಲ್ ಆರ್‌ಸ್ಪ್ಯಾಮ್‌ಡಿಯಲ್ಲಿದೆ. ಹೀಗೆ ಪರಿಚಯದವರನ್ನು ಬದಿಗಿಟ್ಟರೆ ಉಳಿಯುವುದು ಮೊದಲ ಸಲ ಬರೆದವರು. ಮಾತಿನ ಪರೀಕ್ಷೆ, ಬೇಯ್ಸ್ ಲೆಕ್ಕ, ಕೊಂಡಿಗಳ ತಪಾಸಣೆ ಎಲ್ಲವನ್ನೂ ಇವರ ಮೇಲೆ ಪ್ರಯೋಗಿಸಬಹುದು. ತಪ್ಪಾದರೂ ಹಾನಿಯ ವ್ಯಾಪ್ತಿ ಚಿಕ್ಕದು. ಮಾತಿನ ಪರೀಕ್ಷೆಯೇ ಬೇಡ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಕಲಿಸುವ ಕೆಲಸವನ್ನೂ ಬಳಕೆದಾರರ ಕೈಗೇ ಬಿಡಬಹುದು: ಪತ್ರವನ್ನು ಜಂಕ್ ಫೋಲ್ಡರಿಗೆ ಎಳೆದರೆ ಕೆಟ್ಟದ್ದೆಂದು, ಅಲ್ಲಿಂದ ಹೊರತೆಗೆದರೆ ಒಳ್ಳೆಯದೆಂದು ಕಲಿಸುವ ಐಮ್ಯಾಪ್‌ಸೀವ್ ಎಂಬ ಜೋಡಣೆ ಡವ್‌ಕಾಟ್‌ನಲ್ಲಿದೆ. ಮರಾಠಿ ಓದುವ ಗುಮಾಸ್ತರು ಮರಾಠಿ ಸ್ಪ್ಯಾಮನ್ನು, ಕನ್ನಡದವರು ಕನ್ನಡದ್ದನ್ನು ಎಳೆದು ಹಾಕಿದಾಗ ಮಾತ್ರ ಆ ಲೆಕ್ಕಕ್ಕೆ ಈ ಊರಿನ ಬುದ್ಧಿ ಬರುತ್ತದೆ.

ಹಿಡಿದ ಪತ್ರವನ್ನು ಏನು ಮಾಡಬೇಕು ಎಂಬುದರಲ್ಲಿ ಕಾನೂನಿನ ಮಾತೂ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 13ನೇ ಸೆಕ್ಷನ್ ಪ್ರಕಾರ, ಎರಡೂ ಕಡೆಯವರು ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ, ಗೊತ್ತುಮಾಡಿದ ಕಂಪ್ಯೂಟರ್ ವ್ಯವಸ್ಥೆಯನ್ನು ಪ್ರವೇಶಿಸಿದ ಗಳಿಗೆಯಲ್ಲೇ ವಿದ್ಯುನ್ಮಾನ ದಾಖಲೆ ತಲುಪಿದಂತೆ. ಓದಿದರೋ ಇಲ್ಲವೋ ಎಂಬುದು ಅಲ್ಲಿ ಪ್ರಶ್ನೆಯಲ್ಲ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಬಗ್ಗೆ ಬಂದ ನೋಟಿಸನ್ನು ಕಾರ್ಖಾನೆಯ ಸರ್ವರ್ ಒಪ್ಪಿಕೊಂಡು, ಆಮೇಲೆ ಸೀವ್‌ನ ಡಿಸ್ಕಾರ್ಡ್ ಆದೇಶದಿಂದ ಸದ್ದಿಲ್ಲದೆ ಅಳಿಸಿದರೆ ತಲುಪಿದ ಹೊಣೆ ಕಾರ್ಖಾನೆಯ ತಲೆಗೆ, ಪತ್ರ ಮಾತ್ರ ಯಾರ ಕೈಗೂ ಇಲ್ಲ. ಆದ್ದರಿಂದ ಡಿಸ್ಕಾರ್ಡ್ ಬಳಸಕೂಡದು. ಖಚಿತವಾಗಿ ಕೆಟ್ಟದ್ದನ್ನು ಬಾಗಿಲಲ್ಲೇ, ಅಂದರೆ ಕಳಿಸುವ ಸರ್ವರ್ ಇನ್ನೂ ಸಂಪರ್ಕದಲ್ಲಿರುವಾಗಲೇ ತಿರಸ್ಕರಿಸಬೇಕು. ಕಳಿಸಿದವರಿಗೆ ಅವರ ಸರ್ವರ್ ಸುದ್ದಿ ಮುಟ್ಟಿಸುತ್ತದೆ. ಅನುಮಾನದ್ದನ್ನು ಜಂಕ್ ಫೋಲ್ಡರಿನಲ್ಲಿ ಇಟ್ಟು ದಿನಕ್ಕೊಮ್ಮೆ ಒಬ್ಬರು ನೋಡಬೇಕು. ಆರ್‌ಸ್ಪ್ಯಾಮ್‌ಡಿ ಹುಟ್ಟಾ 15 ಅಂಕಕ್ಕೆ ತಿರಸ್ಕಾರ, 6ಕ್ಕೆ ಗುರುತಿನ ಹೆಡರ್, 4ಕ್ಕೆ ಗ್ರೇಲಿಸ್ಟ್ ಎಂದು ಇಟ್ಟಿರುವ ಮಿತಿಗಳು ಈ ನೀತಿಗೆ ಒಪ್ಪುತ್ತವೆ. ಗ್ರೇಲಿಸ್ಟ್ ಎಂದರೆ ಅಪರಿಚಿತರನ್ನು ಸ್ವಲ್ಪ ಹೊತ್ತು ಬಿಟ್ಟು ಬಾ ಎಂದು ಹಿಂದಕ್ಕೆ ಕಳಿಸುವುದು. ಒಟಿಪಿ ತರುವ ಮೇಲ್ ಅದರ ಕೈಗೆ ಸಿಕ್ಕರೆ ಕಾಯುವಷ್ಟರಲ್ಲಿ ಒಟಿಪಿಯ ಅವಧಿ ತೀರಿರುತ್ತದೆ.

ಕೆಟ್ಟಾಗ ಹುಡುಕುವ ಕ್ರಮವೂ ಅದೇ ಮೂರು ಕೈಗಳ ಕ್ರಮ. ಮೊದಲು ಪೋಸ್ಟ್‌ಫಿಕ್ಸ್ ಲಾಗ್: ಪತ್ರ ಬಂದಿದೆಯೇ, ಬಂದಿದ್ದರೆ ಯಾವ ಕ್ಯೂ ಸಂಖ್ಯೆ, ಮುಂದೆ ಯಾರಿಗೆ ಒಪ್ಪಿಸಿತು. ಇಲ್ಲಿ ಕಾಣುವ ಅತಿ ಗಾಬರಿಯ ರೋಗ ಎಂದರೆ ಒಂದು ಬೆಳಗ್ಗೆಯಿಂದ ಎಲ್ಲರ ಪತ್ರವೂ ತಿರಸ್ಕೃತವಾಗುವುದು. ಹೆಚ್ಚಿನ ಸಲ ಕಾರಣ ಡಿಎನ್‌ಎಸ್. ಸ್ಪ್ಯಾಮ್‌ಹೌಸ್‌ನ ಕಪ್ಪುಪಟ್ಟಿ ಗೂಗಲ್‌ನ 8.8.8.8ರಂಥ ಸಾರ್ವಜನಿಕ ರಿಸಾಲ್ವರ್ ಮೂಲಕ ಕೇಳಿದವರಿಗೆ ಉತ್ತರ ಕೊಡುವುದಿಲ್ಲ, ಬದಲಿಗೆ 127.255.255.254 ಎಂಬ ದೋಷಸಂಕೇತ ಕಳಿಸುತ್ತದೆ. ಬಂದ ಯಾವ ಉತ್ತರವನ್ನೂ ‘ಪಟ್ಟಿಯಲ್ಲಿದೆ’ ಎಂದು ಓದುವ ನಿಯಮವಿದ್ದರೆ ಜಗತ್ತೆಲ್ಲ ಕಪ್ಪುಪಟ್ಟಿಗೆ ಸೇರಿದಂತಾಗುತ್ತದೆ. ಸರ್ವರ್‌ನಲ್ಲೇ ಅನ್‌ಬೌಂಡ್‌ನಂಥ ಸ್ವಂತ ರಿಸಾಲ್ವರ್ ಕೂರಿಸಿ, ಯಾವ ಉತ್ತರಕ್ಕೆ ತಡೆಯಬೇಕೆಂದು ನಿಖರವಾಗಿ ಬರೆದರೆ ರೋಗ ಹೋಗುತ್ತದೆ. ಎರಡನೆಯ ರೋಗ ಎಸ್‌ಪಿಎಫ್ ಎಲ್ಲರಿಗೂ ವಿಫಲವಾಗುವುದು. ಮುಂಬೈಯ ಬಾಡಿಗೆ ಸರ್ವರ್ ಮುಂದೆ ನಿಂತು ಮೇಲ್ ಹಿಡಿದು, ಚಿಕ್ಕೋಡಿಯ ಕಚೇರಿಯೊಳಗಿನ ಪೆಟ್ಟಿಗೆಗೆ ದಾಟಿಸುವ ಜೋಡಣೆಯಲ್ಲಿ, ಒಳಗಿನ ಫಿಲ್ಟರಿಗೆ ಕಾಣುವ ಐಪಿ ವಿಳಾಸ ಯಾವಾಗಲೂ ಆ ಮುಂಬೈ ಸರ್ವರ್‌ನದೇ. ಅದನ್ನು ನಂಬಿದ ಜಾಲ ಎಂದು ಫಿಲ್ಟರಿಗೆ ತಿಳಿಸಬೇಕು, ಅಥವಾ ಪರೀಕ್ಷೆಯನ್ನು ಮುಂದಿನ ಸರ್ವರ್‌ನಲ್ಲೇ ಮುಗಿಸಬೇಕು.

ಪತ್ರ ಬಂದಿದೆ, ಅಂಕವೂ ಬಿದ್ದಿದೆ, ಫೋಲ್ಡರಿಗೆ ಮಾತ್ರ ಹೋಗುತ್ತಿಲ್ಲ ಎಂದರೆ ಸೀವ್ ಓಡುತ್ತಲೇ ಇಲ್ಲದಿರಬಹುದು. ಪೋಸ್ಟ್‌ಫಿಕ್ಸ್ ತನ್ನದೇ ವಿತರಕದಿಂದ ನೇರ ಪೆಟ್ಟಿಗೆಗೆ ಬರೆದರೆ ಸೀವ್‌ಗೆ ಸುದ್ದಿಯೇ ಇಲ್ಲ. ವಿತರಣೆ ಡವ್‌ಕಾಟ್‌ನ ಎಲ್‌ಎಂಟಿಪಿ ಮೂಲಕ ಆಗಬೇಕು, ಆ ವಿಭಾಗದಲ್ಲಿ ಸೀವ್ ಪ್ಲಗಿನ್ ಹೊತ್ತಿಸಿರಬೇಕು. ಓಡುತ್ತಿದ್ದರೆ ಹೆಡರ್ ಹೆಸರು ನೋಡಬೇಕು: ಸ್ಪ್ಯಾಮ್‌ಅಸಾಸಿನ್ ‘ಎಕ್ಸ್-ಸ್ಪ್ಯಾಮ್-ಫ್ಲ್ಯಾಗ್’ ಎಂದು ಬರೆಯುತ್ತದೆ, ಆರ್‌ಸ್ಪ್ಯಾಮ್‌ಡಿ ಬರೀ ‘ಎಕ್ಸ್-ಸ್ಪ್ಯಾಮ್’ ಎಂದು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದವರು ಹಳೆಯ ನಿಯಮ ತಿದ್ದಲು ಮರೆತರೆ ಹೀಗಾಗುತ್ತದೆ. ‘ಟೆಂಡರ್’ ಎಂಬ ಕನ್ನಡ ಹೆಸರಿನ ಫೋಲ್ಡರ್ ಇಟ್ಟುಕೊಳ್ಳಲು ಅಡ್ಡಿಯೇನಿಲ್ಲ. ಐಮ್ಯಾಪ್ ಒಳಗೊಳಗೆ ಅದನ್ನು ಬೇರೆ ಸಂಕೇತಕ್ಕೆ ತಿರುಗಿಸಿಕೊಳ್ಳುತ್ತದೆ, ಸೀವ್ ಕಡತವನ್ನು ಮಾತ್ರ ಯುಟಿಎಫ್-8ರಲ್ಲೇ ಉಳಿಸಬೇಕು. ಫೋಲ್ಡರ್ ಇನ್ನೂ ಹುಟ್ಟಿಲ್ಲದಿದ್ದರೆ ಕ್ರಿಯೇಟ್ ಎಂಬ ಸೂಚನೆಯೂ ಬೇಕು. ನಿಯಮವನ್ನು ನೇರ ಚಾಲ್ತಿಗೆ ತರದೆ, ಉಳಿಸಿಟ್ಟ ಒಂದು ಮೇಲಿನ ಕಡತವನ್ನು ಸೀವ್-ಟೆಸ್ಟ್ ಎಂಬ ಆಜ್ಞೆಗೆ ಕೊಟ್ಟರೆ, ಪತ್ರವನ್ನು ಮುಟ್ಟದೆ ಏನಾಗುತ್ತಿತ್ತು ಎಂದು ತೋರಿಸುತ್ತದೆ. ಪರೀಕ್ಷೆಗೆ ಇಂಗ್ಲಿಷ್ ಮೇಲ್ ಒಂದೇ ಸಾಲದು. ಕನ್ನಡದ ಉದ್ದ ವಿಷಯದ್ದೊಂದು, ಮರಾಠಿಯದೊಂದು, ನುಡಿ ಪಠ್ಯದ್ದೊಂದು ಇರಲೇಬೇಕು.

ಇಷ್ಟು ತಲೆನೋವು ಯಾಕೆ, ದೊಡ್ಡ ಕಂಪನಿಗೆ ತಿಂಗಳ ಬಾಡಿಗೆ ಕೊಟ್ಟರೆ ಆಗದೇ ಎಂಬುದು ಎರಡನೆಯ ಆಕ್ಷೇಪಣೆ. ಬಹಳಷ್ಟು ಕಚೇರಿಗಳಿಗೆ ಅದೇ ಸರಿಯಾದ ಉತ್ತರ. ನೋಡಿಕೊಳ್ಳುವವರು ಒಬ್ಬರೂ ಇಲ್ಲದ ಕಡೆ ಸ್ವಂತ ಸರ್ವರ್ ಇಡಬಾರದು. ಆದರೆ ಕರೆಂಟು ಹೋದರೆ ಮೇಲ್ ಕಳೆದುಹೋಗುತ್ತದೆ ಎಂಬ ಹೆದರಿಕೆ ಸುಳ್ಳು. ಕಳಿಸುವ ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಪೋಸ್ಟ್‌ಫಿಕ್ಸ್ ಹುಟ್ಟಾ 5 ದಿನ ಕಾಯುತ್ತದೆ. ಬ್ರಾಡ್‌ಬ್ಯಾಂಡ್‌ನಲ್ಲಿ 25ನೇ ಪೋರ್ಟ್ ಮುಚ್ಚಿರುವುದು, ಸ್ಥಿರ ಐಪಿ ಇಲ್ಲದಿರುವುದು ನಿಜವಾದ ಅಡ್ಡಿಗಳು, ಮುಂದೆ ಒಂದು ಬಾಡಿಗೆ ಸರ್ವರ್ ಇಡುವುದು ಅದಕ್ಕೇ. ಇದಕ್ಕೆ ಬದಲಾಗಿ ಸಿಗುವುದು ದೊಡ್ಡ ಕಂಪನಿ ಕೊಡದ ಒಂದು ವಸ್ತು: ಈ ಪತ್ರ ಯಾಕೆ ಜಂಕಿಗೆ ಹೋಯಿತು ಎಂದು ಕೇಳಿದಾಗ ಅಂಕದ ಸಮೇತ ಉತ್ತರ. ಆ ಉತ್ತರ ಉಳಿಯಬೇಕಾದರೆ ಲಾಗ್ ಉಳಿಯಬೇಕು. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಸಂಸ್ಥೆಗಳು 180 ದಿನಗಳ ಲಾಗನ್ನು ದೇಶದೊಳಗೆ ಕಾಪಾಡಬೇಕೆನ್ನುತ್ತದೆ. ಲಿನಕ್ಸ್‌ನ ಲಾಗ್‌ರೊಟೇಟ್ ಅನ್ನು ಮುಟ್ಟದೆ ಬಿಟ್ಟರೆ ಸಾಮಾನ್ಯವಾಗಿ ನಾಲ್ಕು ವಾರಕ್ಕೆ ಹಳೆಯದನ್ನು ಅಳಿಸುತ್ತದೆ. ಸರ್ವರ್ ಕೂರಿಸಿದ ದಿನವೇ ಆ ಅಂಕಿಯನ್ನು ಬದಲಾಯಿಸಬೇಕು.